ಬ್ರೆಕ್ಸಿಟ್‌ನಲ್ಲಿ ಅಜ್ಜ-ಅಜ್ಜಿಯರು ಮೊಮ್ಮಕ್ಕಳ ವಿರುದ್ಧ ವೋಟು ಹಾಕಿದರೇ?

"ಬ್ರಿಟನ್ನಿನಲ್ಲಿ ವಯಸ್ಸಾದವರೇ ಸೇರಿ ಯುವಕರ ಭವಿಷ್ಯ ಹಾಳು ಮಾಡಿದರು ಅಂತಾರಲ್ಲ, ನಿಜವೇ? ಅವರಿಗೆ ಯುರೋಪಿನ ಮೇಲೆ ಅಷ್ಟೇಕೆ ಸಿಟ್ಟು?" ಎಂದು ಕೇಳಿದ್ದೀರಿ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆ ಎಂಬ ಮತದಾನ ನಡೆದಾಗ ನಾನು ಕಂಪನಿ ಕೆಲಸದ ಮೇಲೆ ಸ್ವಿಂಡನ್ ಎಂಬ ಊರಿನಲ್ಲಿದ್ದೆ. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಬರೀ ನೋಡುತ್ತಾ ಕೂತಿರಲಿಲ್ಲ, ವೋಟೂ ಹಾಕಿದ್ದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟದಿಂದ ಹೊರಬರೋಣ ಅಂದವರು ಶೇ. 51.9, ಉಳಿಯೋಣ ಅಂದವರು ಶೇ. 48.1. ಮತಪೆಟ್ಟಿಗೆ ಯಾರ ವಯಸ್ಸನ್ನೂ ಹೇಳುವುದಿಲ್ಲ, ಆದ್ದರಿಂದ ವಯಸ್ಸಿನ ಲೆಕ್ಕವೆಲ್ಲ ಸಮೀಕ್ಷೆಗಳದ್ದು. ಸಮೀಕ್ಷೆ ನಡೆಸುವ ಉದ್ಯಮಿ ಲಾರ್ಡ್ ಆಶ್‌ಕ್ರಾಫ್ಟ್ ಅವರು ಮತದಾನದ ದಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿಸಿದ್ದರು. ಅದರಲ್ಲಿ 18ರಿಂದ 24ರ ಒಳಗಿನವರಲ್ಲಿ ಶೇ. 73 ಮಂದಿ ಉಳಿಯುವ ಕಡೆ, 65 ದಾಟಿದವರಲ್ಲಿ ಶೇ. 60 ಮಂದಿ ಹೊರಬರುವ ಕಡೆ. ಅಂತರ ದೊಡ್ಡದೇ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿ: ನೂರಕ್ಕೆ ನಲವತ್ತು ಅಜ್ಜ-ಅಜ್ಜಿಯರು ಮೊಮ್ಮಕ್ಕಳ ಕಡೆಯೇ ಇದ್ದರು. ಅವರ ಸುದ್ದಿ ಯಾರೂ ಎತ್ತುವುದಿಲ್ಲ.

ಯುವಕರು ಮನೆಯಲ್ಲಿ ಮಲಗಿದ್ದರು, ಬರೀ ಶೇ. 36 ಮಂದಿ ವೋಟು ಹಾಕಿದರು ಎಂಬ ಮಾತನ್ನೂ ಕೇಳಿರುತ್ತೀರಿ. ಫಲಿತಾಂಶದ ಬೆನ್ನಲ್ಲೇ ಹರಡಿದ ಆ ಅಂಕಿ ಆ ದಿನ ಎಣಿಸಿದ್ದಲ್ಲ, ಹಿಂದಿನ ಚುನಾವಣೆಯ ಅಭ್ಯಾಸ ಕೇಳಿ ಹಾಕಿದ ಅಂದಾಜು. ಆಮೇಲಿನ ಇನ್ನೊಂದು ಸಮೀಕ್ಷೆ ಸುಮಾರು ಶೇ. 64 ಅಂದಿತು. ಹಿರಿಯರಲ್ಲಿ ಶೇ. 90.

ಈಗ ಸಿಟ್ಟಿನ ವಿಷಯ. ನನ್ನ ಪಕ್ಕದ ಮನೆಯಲ್ಲಿ ಅರವತ್ತೆಂಟರ ಒಬ್ಬ ಯಜಮಾನರಿದ್ದರು. (ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅಪ್ಪನಿಗಿಂತ ದೊಡ್ಡವರನ್ನು ಹಾಗೆ ಕರೆಯಲು ನಾಲಿಗೆ ಏಳದೆ ನಾನು ಕೊನೆಯವರೆಗೂ 'ಸರ್' ಅಂತಲೇ ಎಳೆದೆ. ಅವರಿಗೆ ನಗು.) ಸ್ವಿಂಡನ್ ಊರಾಗಿ ಬೆಳೆದದ್ದೇ ರೈಲ್ವೆ ಕಾರ್ಖಾನೆಯಿಂದ. ಅವರು ಮೀಸೆ ಚಿಗುರುವ ಮೊದಲೇ ಅಲ್ಲಿಗೆ ಸೇರಿದವರು. 1986ರಲ್ಲಿ ಕಾರ್ಖಾನೆಗೆ ಬೀಗ ಬಿದ್ದಾಗ ನಲವತ್ತೂ ತುಂಬಿರಲಿಲ್ಲ. ಆಮೇಲೆ ಗೋದಾಮಿನಲ್ಲಿ, ಅಲ್ಲಿ ಇಲ್ಲಿ ದುಡಿದು ಪಿಂಚಣಿಗೆ ಬಂದಿದ್ದರು.

ಇವರು 1975ರಲ್ಲಿ ಯುರೋಪಿನ ಪರ ವೋಟು ಹಾಕಿದವರು! ಇದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟನ್ 1973ರಲ್ಲಿ ಯುರೋಪಿನ ಕೂಟಕ್ಕೆ ಸೇರಿತು, ಎರಡೇ ವರ್ಷಕ್ಕೆ ಪ್ರಧಾನಿ ಹೆರಾಲ್ಡ್ ವಿಲ್ಸನ್ 'ಇರೋಣವೋ ಬೇಡವೋ' ಅಂತ ಜನರನ್ನೇ ಕೇಳಿದರು, ಶೇ. 67 ಮಂದಿ ಇರೋಣ ಅಂದರು. ಮಾರ್ಗರೆಟ್ ಥ್ಯಾಚರ್ ಆಗ ಯುರೋಪಿನ ಬಾವುಟಗಳಿದ್ದ ಸ್ವೆಟರ್ ಹಾಕಿಕೊಂಡು ಪರ ಪ್ರಚಾರ ಮಾಡಿದ್ದರು. ವಿರೋಧದ ದೊಡ್ಡ ದನಿ ಲೇಬರ್ ಪಕ್ಷದ ಎಡಪಂಥೀಯರದ್ದು. 1975ರಲ್ಲಿ ಯುವಕರಾಗಿ ಹೌದು ಅಂದ ಎಷ್ಟೋ ಜನ 2016ರಲ್ಲಿ ಅಜ್ಜಂದಿರಾಗಿ ಬೇಡ ಅಂದರು.

ಯಾಕೆ ಅಂತ ಅವರನ್ನೇ ಕೇಳಿದ್ದೆ, ಬೇಲಿಯ ಆಚೆ ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದಾಗ. ಅವರ ಉತ್ತರ ನನ್ನ ಕನ್ನಡದಲ್ಲಿ ಹೀಗಾಗುತ್ತದೆ: "ನಾನು ಒಪ್ಪಿದ್ದು ಸಂತೆಗೆ, ಸಂಸಾರಕ್ಕಲ್ಲ." ಆಗ ಅದನ್ನು ಎಲ್ಲರೂ ಕರೆಯುತ್ತಿದ್ದದ್ದೇ ಕಾಮನ್ ಮಾರ್ಕೆಟ್ ಅಂತ. 1993ರ ಹೊತ್ತಿಗೆ ಅದು ಒಕ್ಕೂಟವಾಯಿತು. 2004ರಲ್ಲಿ ಪೋಲೆಂಡ್ ಸೇರಿ ಹತ್ತು ದೇಶ ಒಳಬಂದಾಗ, ಅವರ ಕೆಲಸಗಾರರಿಗೆ ತಕ್ಷಣ ಬಾಗಿಲು ತೆಗೆದ ಮೂರೇ ದೇಶಗಳಲ್ಲಿ ಬ್ರಿಟನ್ ಒಂದು. ಈ ಯಾವುದಕ್ಕೂ ತನ್ನನ್ನು ಕೇಳಲಿಲ್ಲ ಅನ್ನುವುದು ಅವರ ಕೊರಗು. ಕಾರ್ಖಾನೆ ಮುಚ್ಚಿದ್ದು ಬ್ರಸೆಲ್ಸಿನಲ್ಲಿ ಕೂತ ಒಕ್ಕೂಟ ಅಲ್ಲ ಸರ್, ನಿಮ್ಮ ಲಂಡನ್ನೇ ಅಂದೆ. "ಲಂಡನ್ನಿಗೆ ಬುದ್ಧಿ ಕಲಿಸಲು ನನಗೆ ಸಿಕ್ಕಿದ್ದು ಇದೊಂದೇ ಚೀಟಿ" ಅಂದರು. ನನಗೆ ಅವರ ತರ್ಕ ಇವತ್ತಿಗೂ ಒಪ್ಪಿಗೆಯಿಲ್ಲ, ಸಂಕಟ ಮಾತ್ರ ಅರ್ಥವಾಯಿತು.

ಇದಕ್ಕೆ ಓದಿನ ವಿಷಯ ಸೇರಿಸಿ. ಅವರ ಕಾಲದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ, ಈಗ ಹೆಚ್ಚುಕಡಿಮೆ ಅರ್ಧ. ಪದವಿ ಇದ್ದವರು ಹೆಚ್ಚಾಗಿ ಉಳಿಯುವ ಕಡೆ ಹಾಕಿದರು. ಹಾಗಾಗಿ ನಾವು ವಯಸ್ಸು ಅಂತ ನೋಡುತ್ತಿರುವುದರಲ್ಲಿ ಒಂದು ಪಾಲು ಕಾಲೇಜಿನದು. ಎರಡನೇ ಮಹಾಯುದ್ಧದ ತಲೆಮಾರು ದೇಶಾಭಿಮಾನಕ್ಕೆ ಬಿದ್ದು ಹೊರಬಂದಿತು ಅನ್ನುವುದಂತೂ ಹುರುಳಿಲ್ಲದ ಮಾತು. 2016ರಲ್ಲಿ ಆಗಷ್ಟೇ ಅರವತ್ತೈದು ತುಂಬಿದವರು ಹುಟ್ಟಿದ್ದೇ ಯುದ್ಧ ಮುಗಿದು ಐದಾರು ವರ್ಷಕ್ಕೆ.

ನಮ್ಮ ಮನೆಗಳಲ್ಲಿ ಪಾಲು ಕೇಳುವವರು ಮಕ್ಕಳು, ನಾನಿರುವವರೆಗೂ ಬೇಡ ಅನ್ನುವವರು ಅಜ್ಜ. ಬ್ರಿಟನ್ನಿನಲ್ಲಿ ಅಜ್ಜನೇ ಪಾಲು ಕೇಳಿದರಲ್ಲ ಅಂತ ನನಗೆ ವಿಚಿತ್ರ ಅನಿಸಿತ್ತು. ಆದರೆ ಎರಡೇ ವರ್ಷದ ಹಿಂದೆ, 2014ರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆ ಎಂಬ ಮತದಾನವಾದಾಗ ಎಲ್ಲ ನಮ್ಮ ಮನೆಯಂತೆಯೇ ನಡೆದಿತ್ತು. ಅಲ್ಲಿ ಅರವತ್ತೈದು ದಾಟಿದವರಲ್ಲಿ ನಾಲ್ಕರಲ್ಲಿ ಸುಮಾರು ಮೂವರು ಬೇಡ ಅಂದರು, ಮೂವತ್ತರ ಆಸುಪಾಸಿನವರಲ್ಲಿ ಹೌದು ಅಂದವರೇ ಹೆಚ್ಚು. ಕೊನೆಗೆ 55-45ರಲ್ಲಿ ಒಟ್ಟಿಗೇ ಉಳಿದರು. ಅಂದರೆ ವಯಸ್ಸಾದವರಿಗೆ ಒಕ್ಕೂಟ ಅಂದರೆ ಆಗದು ಅಂತಲ್ಲ. ಎರಡು ಸಲವೂ ಅವರು ಹಿಡಿದುಕೊಂಡದ್ದು ತಾವು ಹುಟ್ಟಿ ಬೆಳೆದ ಬ್ರಿಟನ್ನನ್ನು. ಆ ಮನೆ ಉಳಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲಿ 'ಇರೋಣ' ಅನ್ನಬೇಕಾಯಿತು, ಇಂಗ್ಲೆಂಡಿನಲ್ಲಿ 'ಹೋಗೋಣ' ಅನ್ನಬೇಕಾಯಿತು. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು.

ಇನ್ನು ನನ್ನ ವೋಟಿನ ಕಥೆ. ಕಾಮನ್‌ವೆಲ್ತ್ ದೇಶದ ಪ್ರಜೆ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಅವನಿಗೆ ವೋಟು ಉಂಟು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ತುಮಕೂರಿನ ನನಗೆ ಹಕ್ಕಿತ್ತು. ಎದುರು ಮನೆಯಲ್ಲಿ ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನ ದಂಪತಿಗೆ ಇರಲಿಲ್ಲ. ಪಕ್ಕದ ಮನೆ ಯಜಮಾನರ ಮೊಮ್ಮಗಳಿಗೂ ಇರಲಿಲ್ಲ, ಅವಳಿಗೆ ಹದಿನೆಂಟು ತುಂಬಲು ಮೂರು ತಿಂಗಳು ಬಾಕಿ. ಹದಿನಾರು ತುಂಬಿದವರಿಗೂ ಕೊಡೋಣ ಎಂದು ಮೇಲ್ಮನೆ ತಿದ್ದುಪಡಿ ತಂದಿತ್ತು, ಕೆಳಮನೆ ತಳ್ಳಿಹಾಕಿತು. ಸ್ಕಾಟ್ಲೆಂಡಿನ ಮತದಾನದಲ್ಲಿ ಅದೇ ವಯಸ್ಸಿನವರು ಹಾಕಿದ್ದರು. "ನಿಮಗಿದೆ, ನನಗಿಲ್ಲ" ಅಂತ ಅವಳು ನನ್ನ ಮುಖ ನೋಡಿ ಅಂದಾಗ ನಾಚಿಕೆಯಾಯಿತು. ಪ್ರಶ್ನೆಯಲ್ಲಿ ನೀವು ಹೇಳಿದ ಆ ಅನ್ಯಾಯ ನನಗೆ ನಿಜ ಅನಿಸುವುದು ಇಲ್ಲಿ ಮಾತ್ರ.

ನಾನು ಉಳಿಯುವ ಕಡೆ ಹಾಕಿದೆ, ಸ್ವಲ್ಪ ತಡವರಿಸಿ. ಭಾರತೀಯ ಗೆಳೆಯರಲ್ಲಿ "ಯುರೋಪಿನವರು ಬ್ಯಾಗು ಹಿಡಿದು ನೇರ ಬರುತ್ತಾರೆ, ನಾವು ವೀಸಾಕ್ಕೆ ದುಡ್ಡು ಸುರಿಯಬೇಕು, ಹೊರಬಂದರೆ ನಮಗೇ ಒಳ್ಳೆಯದು" ಅನ್ನುವ ವಾದ ಜೋರಾಗಿತ್ತು. ಹೊರಬರುವ ಪರವಿದ್ದ ಆಗಿನ ಸಚಿವೆ ಪ್ರೀತಿ ಪಟೇಲ್ ಅಂಥವರು 'ಕರಿ' ಅಂತ ಕರೆಯುವ ಭಾರತೀಯ ಊಟದ ಹೋಟೆಲುಗಳಿಗೆ ನಮ್ಮ ಕಡೆಯ ಅಡುಗೆಯವರನ್ನು ತರುವುದು ಸುಲಭವಾಗುತ್ತದೆ ಅಂತಲೂ ಹೇಳುತ್ತಿದ್ದರು. ಏಷ್ಯನ್ನರು ತುಂಬಿದ ಸ್ಲೌ, ಲೂಟನ್ ಊರುಗಳು ಹೊರಬರಲೆಂದೇ ಹಾಕಿದವು. ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇರುವ ಲ್ಯಾಂಬೆತ್ ಮಾತ್ರ ಶೇ. 78ಕ್ಕೂ ಹೆಚ್ಚು ಮತದಿಂದ ಉಳಿಯೋಣ ಅಂದಿತು. ಸ್ವಿಂಡನ್‌ನಲ್ಲಿ ಹೊರಬರುವವರು ಸುಮಾರು ಶೇ. 55.

ಮತಗಟ್ಟೆಯಲ್ಲಿ ಬೆರಳಿಗೆ ಮಸಿಯಿಲ್ಲ, ಗುರುತಿನ ಚೀಟಿಯನ್ನೂ ಕೇಳಲಿಲ್ಲ. ಪೆನ್ಸಿಲ್‌ನಲ್ಲಿ ಒಂದು ಇಂಟು ಮಾರ್ಕು, ಅಷ್ಟೇ. ಪೆನ್ಸಿಲ್ ಗುರುತನ್ನು ಸರ್ಕಾರ ಅಳಿಸಿಬಿಡುತ್ತದೆ ಅಂತ ಆಗ ಗಾಳಿಸುದ್ದಿ ಎದ್ದಿತ್ತು, ಯಜಮಾನರು ಮನೆಯಿಂದಲೇ ಪೆನ್ನು ಒಯ್ದಿದ್ದರು. ಮರುದಿನ ಬೆಳಿಗ್ಗೆ ಫಲಿತಾಂಶ ಕೇಳಿ ಮೊಮ್ಮಗಳು ಮಾತು ಬಿಟ್ಟಳು. ಎರಡು ತಿಂಗಳು ಆ ಮನೆಗೆ ಕಾಲಿಡಲಿಲ್ಲ.

2017ರ ಜೂನಿನಲ್ಲಿ ಸಂಸತ್ ಚುನಾವಣೆ ಬಂದಾಗ ಅವಳದು ಮೊದಲ ವೋಟು. ಅಜ್ಜನೇ ಕಾರಿನಲ್ಲಿ ಕರೆದುಕೊಂಡು ಹೋದರು. ಒಳಗೆ ಹೋಗುವ ಮುಂಚೆ ಕೋಟಿನ ಜೇಬಿನಿಂದ ಅದೇ ಪೆನ್ನು ತೆಗೆದು ಕೊಟ್ಟರಂತೆ. ಅವಳು ಅದನ್ನು ಈಸಿಕೊಂಡು, ಅಲ್ಲಿದ್ದ ಪೆನ್ಸಿಲ್‌ನಲ್ಲೇ ಗುರುತು ಹಾಕಿ ಬಂದಳಂತೆ.