ಸಂಕಲ್ಪ ಹೇಳದ ಮಗ

ಡೊಂಬಿವಲಿಯ ತಾಯಿಯೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರ ದುಃಖಕ್ಕಿಂತ ಹೆಚ್ಚಾಗಿ ಅವರ ಅಣ್ಣನ ಮೇಲೆ ಬಂದ ಸಿಟ್ಟೇ ಅದಕ್ಕೆ ಕಾರಣವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅವರದು ಮೂಲತಃ ಕುಮಟೆಯ ಕಡೆಯ ಮನೆತನ. ಒಬ್ಬನೇ ಮಗ ಪುಣೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಪತಿಗೆ ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದ ಕಾರಣ ಕಳೆದ ಚೌತಿಯಂದು ಮಗನನ್ನು ಪೂಜೆಗೆ ಕೂರಿಸಲು ಹೋದಾಗ, ನಂಬಿಕೆಯಿಲ್ಲದೆ ಸಂಕಲ್ಪ ಹೇಳಿದರೆ ಅದು ಸುಳ್ಳು ಹೇಳಿದಂತೆ, ತನ್ನಿಂದಾಗದು ಎಂದು ಅವನು ಮೆಲ್ಲಗೆ ಹೇಳಿದ. ಪೂಜೆಯೇನೋ ಹೇಗೋ ಮುಗಿಯಿತು. ಆದರೆ ಊಟಕ್ಕೆ ಎಲೆ ಹಾಕಿದ ಮೇಲೆ ಸೋದರಮಾವ, ನೆಂಟರೆಲ್ಲರ ಎದುರಿಗೆ, ವಿಜ್ಞಾನ ಇಂದು ಕಂಡುಹಿಡಿದದ್ದನ್ನು ನಮ್ಮ ಋಷಿಗಳು ಎಂದೋ ಹೇಳಿದ್ದರೆಂದೂ, ಒಂದು ಕಲ್ಪಕ್ಕೆ, ಅಂದರೆ ಬ್ರಹ್ಮನ ಒಂದು ಹಗಲಿಗೆ, 432 ಕೋಟಿ ವರ್ಷ, ಭೂಮಿಯ ವಯಸ್ಸೂ ಅಷ್ಟೇ ಎಂದೂ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದೂ ಕೆಣಕಿದರು. ಹುಡುಗನೂ ತಾಳ್ಮೆಗೆಟ್ಟು, ದೇವರಿಲ್ಲವೆಂದು ವಿಜ್ಞಾನ ಎಂದೋ ಸಾಧಿಸಿಯಾಗಿದೆ ಎಂದು ಹೇಳಿ ಅರ್ಧ ಊಟದಲ್ಲೇ ಎದ್ದುಹೋದ. ಅಂದಿನಿಂದ ಅವನು ಮನೆಗೆ ಬರುವುದು ಅಪರೂಪ. ಈ ವರ್ಷ ನಾಸ್ತಿಕನ ಕೈಯ ಪೂಜೆ ಬೇಡ, ನನ್ನ ಮಗನೇ ಕೂರಲಿ ಎಂದು ಅಣ್ಣ ಹೇಳಿಕಳುಹಿಸಿದ್ದಾರೆ. ತಾಯಿಯ ಪ್ರಶ್ನೆ ಇಷ್ಟು: ಮಗನಿಗೆ ದೇವರಲ್ಲಿ ನಂಬಿಕೆ ಮರಳಿ ಬರುವಂತೆ ಮಾಡುವುದು ಹೇಗೆ?

ಈ ಅಂಕಣವನ್ನು ಬಹಳ ಕಾಲದಿಂದ ಓದುತ್ತಿರುವವರಿಗೆ ನನ್ನ ಹಟ ಗೊತ್ತಿದೆ. ಎಲೆಯ ಮುಂದೆ ಕುಳಿತವರನ್ನು ವಾದಕ್ಕೆಳೆಯುವ ಹಿರಿಯರಿಗೆ ನನ್ನಿಂದ ಯಾವ ರಿಯಾಯಿತಿಯೂ ದೊರೆಯದು. ಈ ಮಹಾಶಯರು ಅದರ ಮೇಲೆ ಲೆಕ್ಕವನ್ನೂ ತಪ್ಪಿದ್ದಾರೆ. ಪುರಾಣಗಳ ಎಣಿಕೆಯಲ್ಲಿ ಕಲ್ಪಕ್ಕೆ 432 ಕೋಟಿ ವರ್ಷಗಳೆಂಬುದು ನಿಜ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂಬುದೂ ನಿಜ. ಆದರೆ ನಾವಿರುವ ಕಲ್ಪ ಇನ್ನೂ ಮುಗಿದಿಲ್ಲವಲ್ಲ! ಶ್ವೇತವರಾಹ ಕಲ್ಪದ ಹದಿನಾಲ್ಕು ಮನ್ವಂತರಗಳಲ್ಲಿ ಏಳನೆಯದಾದ ವೈವಸ್ವತ ಮನ್ವಂತರದ ಇಪ್ಪತ್ತೆಂಟನೆಯ ಕಲಿಯುಗದಲ್ಲಿ ನಾವಿದ್ದೇವೆಂದು ಸಂಕಲ್ಪವೇ ಹೇಳುತ್ತದೆ. ಆ ಎಣಿಕೆಯಂತೆ ಇದುವರೆಗೆ ಕಳೆದಿರುವುದು ಸುಮಾರು 197 ಕೋಟಿ ವರ್ಷ, ಅಂದರೆ ಭೂಮಿಯ ವಯಸ್ಸಿನ ಅರ್ಧಕ್ಕೂ ಕಡಿಮೆ. ಪ್ರತಿವರ್ಷ ಆ ಮಂತ್ರವನ್ನು ಹೇಳುತ್ತ ಬಂದ ನಿಮ್ಮ ಅಣ್ಣ ಅದನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿದಂತಿಲ್ಲ. ಹೇಳಲಾರೆ ಎಂದ ಹುಡುಗನಾದರೂ ಅದಕ್ಕೊಂದು ಅರ್ಥವಿದೆಯೆಂದು ತಿಳಿದೇ ಹಿಂಜರಿದ.

ಇಲ್ಲಿ ನನಗೆ ಬೆಲ್ಜಿಯಂ ದೇಶದ ಜಾರ್ಜ್ ಲೆಮೇತ್ರ್ ನೆನಪಾಗುತ್ತಾರೆ. ಅವರು ಭೌತವಿಜ್ಞಾನಿ, ಜೊತೆಗೆ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿಯೇ ಬರೆದವರು, ಅದೆಲ್ಲ ಒಂದು ಆದಿಮ ಅಣುವಿನಿಂದ ಹೊರಟಿರಬೇಕೆಂದು 1931ರಲ್ಲಿ ಸೂಚಿಸಿದವರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು, ವಿಶ್ವಕ್ಕೊಂದು ಆರಂಭವಿದೆಯೆಂದು ವಿಜ್ಞಾನವೇ ಹೇಳುತ್ತಿರುವಾಗ ಸೃಷ್ಟಿಕರ್ತನೂ ಇದ್ದಾನೆಂದಾಯಿತು ಎಂಬರ್ಥದ ಭಾಷಣ ಮಾಡಿದಾಗ ಲೆಮೇತ್ರ್ ಹಿಗ್ಗಬೇಕಿತ್ತು. ಅವರು ಹಿಗ್ಗಲಿಲ್ಲ, ಕಳವಳಗೊಂಡರು. ತಮ್ಮ ಸಿದ್ಧಾಂತವು ದೇವರಿದ್ದಾನೆಯೇ ಇಲ್ಲವೇ ಎಂಬ ಪ್ರಶ್ನೆಯ ಹೊರಗಿನದು, ಆಸ್ತಿಕನೂ ನಾಸ್ತಿಕನೂ ಅದನ್ನು ಸಮಾನವಾಗಿ ಒಪ್ಪಬಹುದು ಅಥವಾ ಬಿಡಬಹುದು ಎಂಬುದು ಅವರ ನಿಲುವಾಗಿತ್ತು. ಪೋಪ್ ಆ ಮಾತನ್ನು ಮತ್ತೆ ಎತ್ತದಂತೆ ನೋಡಿಕೊಳ್ಳಲು ಅವರು ಪ್ರಯತ್ನಿಸಿದರು, ಪೋಪ್ ಮತ್ತೆ ಎತ್ತಲೂ ಇಲ್ಲ. ಪುಣೆಯಲ್ಲಿಯೇ ಬಾಳಿ 2025ರಲ್ಲಿ ತೀರಿಕೊಂಡ ಖಗೋಳವಿಜ್ಞಾನಿ ಜಯಂತ ನಾರ್ಳೀಕರರು, ಲೆಮೇತ್ರರ ಆ ಸೂಚನೆಯಿಂದ ಬೆಳೆದ ಮಹಾಸ್ಫೋಟದ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲವೆಂಬುದನ್ನೂ ನಿಮ್ಮ ಅಣ್ಣನಿಗೆ ತಿಳಿಸಬಹುದು. ಇಂದಿನ ಸಿದ್ಧಾಂತದ ಗೂಟಕ್ಕೆ ದೇವರನ್ನು ಕಟ್ಟಿಹಾಕಿದರೆ, ನಾಳೆ ಗೂಟ ಕಿತ್ತುಬಂದಾಗ ಅವರು ಏನು ಮಾಡುತ್ತಾರೋ ನಾನರಿಯೆ.

ಮಗನ ಮಾತೂ ತಪ್ಪೇ. ದೇವರಿಲ್ಲವೆಂದು ಸಾಧಿಸಿದ ಪ್ರಯೋಗ ಯಾವುದೂ ಇಲ್ಲ, ಇದು ಅವನಿಗೂ ಗೊತ್ತಿರುತ್ತದೆ. ನೆಂಟರ ನಡುವೆ ಅವಮಾನಗೊಂಡ ಇಪ್ಪತ್ತಾರರ ಹುಡುಗ ಆಡಿದ ಮಾತು ಅದು, ಅದನ್ನು ಅಲ್ಲಿಗೇ ಬಿಡೋಣ.

ಈಗ ನಿಮ್ಮ ವಿಷಯ, ತಾಯಿ. ಎರಡನೆಯ ಪುಟದಲ್ಲಿ, ಅಷ್ಟವಿನಾಯಕ ಯಾತ್ರೆಯ ವರ್ಣನೆಯ ನಡುವೆ, ನೀವು ಒಂದು ವಾಕ್ಯ ಬರೆದು ಮುಂದೆ ಹೋಗಿದ್ದೀರಿ: "ಅವನು ಅದೇನೋ ಆಕಾಶದ ವಿಷಯ ಓದುತ್ತಾನೆ, ಎರಡು ವರ್ಷದ ಹಿಂದೆ ಫೆಬ್ರುವರಿಯಲ್ಲಿ ಖೋಡದಕ್ಕೆ ಬಾ ಎಂದು ಕರೆದಿದ್ದ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದ್ದುದರಿಂದ ಹೋಗಲಿಲ್ಲ." ನಾನು ಆ ವಾಕ್ಯದಿಂದ ಮುಂದೆ ಹೋಗಲಾರದೆ ನಿಂತೆ. ಅವನು ನಿಮ್ಮ ಪೂಜೆಗೆ ಕೂರಲಿಲ್ಲವೆಂಬುದಕ್ಕೆ ಮೂರು ಪುಟ, ಅವನು ಕರೆದಲ್ಲಿಗೆ ನೀವು ಹೋಗಲಿಲ್ಲವೆಂಬುದಕ್ಕೆ ಅರ್ಧ ಸಾಲು! ಪಿಎಚ್.ಡಿ.ಗೆ ಸೇರಿ ನಾಲ್ಕು ವರ್ಷವಾದರೂ ಅವನ ಓದು ನಿಮಗೆ ಇನ್ನೂ "ಅದೇನೋ" ಆಗಿಯೇ ಉಳಿದಿದೆ.

ಆ "ಅದೇನೋ" ಏನೆಂದು ನಾನು ಊಹಿಸಬಲ್ಲೆ. ಪುಣೆ ಜಿಲ್ಲೆಯ ಖೋಡದದಲ್ಲಿ, ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ, ಮೂವತ್ತು ಆಂಟೆನಾಗಳ ಬೃಹತ್ ರೇಡಿಯೊ ದೂರದರ್ಶಕವಿದೆ, ಒಂದೊಂದರ ಅಗಲ 45 ಮೀಟರ್. ಪ್ರತಿ ಫೆಬ್ರುವರಿಯಲ್ಲಿ, ವಿಜ್ಞಾನ ದಿನಕ್ಕೆಂದು, ಅದನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯನ್ನು ಹೊರಡಿಸುತ್ತದೆ. ವಿಶ್ವ ಹಿಗ್ಗಿದಂತೆ ದೂರದಿಂದ ಬರುವ ಆ ಅಲೆಯೂ ಹಿಗ್ಗುತ್ತದೆ. 880 ಕೋಟಿ ವರ್ಷ ಪಯಣಿಸಿ 48 ಸೆಂಟಿಮೀಟರಿಗೆ ಹಿಗ್ಗಿದ್ದ ಅಂಥ ಒಂದು ಅಲೆಯನ್ನು ಈ ದೂರದರ್ಶಕದಲ್ಲಿ ಗುರುತಿಸಿದ ಸುದ್ದಿ 2023ರ ಜನವರಿಯಲ್ಲಿ ಬಂತು, ಆ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಅಲೆ ಹೊರಟಾಗ ಭೂಮಿಯೇ ಹುಟ್ಟಿರಲಿಲ್ಲ. ಇಂಥದ್ದನ್ನು ನೋಡು ಬಾ ಎಂದು ಮಗ ಕರೆದಾಗ ಸತ್ಯನಾರಾಯಣನ ಪೂಜೆಯನ್ನು ಮುಂದಿನ ಹುಣ್ಣಿಮೆಗೆ ಇಟ್ಟುಕೊಳ್ಳಬಹುದಿತ್ತು.

ನಂಬಿಕೆಯನ್ನು ಮರಳಿ ತರಿಸುವ ಉಪಾಯ ನನ್ನಲ್ಲಿಲ್ಲ, ಇದ್ದರೂ ಹೇಳುತ್ತಿರಲಿಲ್ಲ. ಈ ಚೌತಿಗೆ ನಿಮ್ಮ ಯಜಮಾನರೇ ಕುರ್ಚಿಯ ಮೇಲೆ ಕುಳಿತು ಸಂಕಲ್ಪ ಮಾಡಲಿ. ಮಂಡಿನೋವಿಗೆ ವಿನಾಯಕನ ಆಕ್ಷೇಪವಿರಲಾರದು. ಸೋದರಳಿಯನನ್ನು ಕೂರಿಸಬೇಡಿ, ಮಗನನ್ನೂ ಕೂರಲು ಹೇಳಬೇಡಿ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ಇಂದೇ ಮಗನಿಗೆ ಫೋನ್ ಮಾಡಿ, ಖೋಡದಕ್ಕೆ ಬರುತ್ತೇನೆ, ಒಳಗೆ ಬಿಡಲು ಏನು ವ್ಯವಸ್ಥೆ ಮಾಡಬೇಕೋ ಮಾಡು ಎನ್ನಿ. ದೇವರ ಮಾತು ಎತ್ತಬೇಡಿ. ಕಲ್ಯಾಣದಿಂದ ಮಾಳಶೇಜ್ ಘಾಟಿ ಹತ್ತಿ, ಆಳೇಫಾಟಾದ ಮೇಲೆ ನಾರಾಯಣಗಾಂವಿಗೆ ಹೋಗುವ ದಾರಿ ನಿಮಗೆ ಹೊಸದಲ್ಲ, ಅಷ್ಟವಿನಾಯಕರಲ್ಲಿ ಒಬ್ಬನಾದ ಓಝರಿನ ವಿಘ್ನೇಶ್ವರನ ದರ್ಶನಕ್ಕೆ ಎರಡು ಬಾರಿ ಅತ್ತ ಹೋಗಿದ್ದೀರಿ. ಈ ಬಾರಿ ನಾರಾಯಣಗಾಂವಿನಿಂದ ಖೋಡದದ ಕಡೆಗೆ ತಿರುಗಿ. ಮೊಬೈಲಿನ ಅಲೆಗಳು ಅವರ ಕೆಲಸ ಕೆಡಿಸುವುದರಿಂದ ಅಲ್ಲಿ ಫೋನ್ ಆರಿಸಿಡಬೇಕಾಗುತ್ತದೆ. ಅಣ್ಣ ಕಳುಹಿಸುವ ಸಂದೇಶಗಳು ಅಷ್ಟು ಹೊತ್ತು ಕಾಯಲಿ.