ಕಣ್ಣು ಚೆನ್ನಾಗೇ ಕಾಣುತ್ತಿದ್ದರೂ ಪರೀಕ್ಷೆ ಯಾಕೆ?

ಸಾರ್, ಶುಗರ್ ಇರೋದು ರಕ್ತದಲ್ಲಿ, ಡಾಕ್ಟರು ಕಣ್ಣಿನ ಪರೀಕ್ಷೆಗೆ ಯಾಕೆ ಕಳಿಸಿದರು ಅಂತ ಕೇಳಿದ್ದೀರಿ. ಸರಿಯಾಗೇ ಕಳಿಸಿದ್ದಾರೆ. ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರ ಇರುತ್ತೆ, ಎಂಡೋಥೀಲಿಯಂ ಅಂತ. ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಟ್ಟಾಗ ನಾಳದ ಸ್ನಾಯು ಸಡಿಲಗೊಂಡು ರಕ್ತ ಸರಾಗವಾಗಿ ಹರಿಯುತ್ತೆ. ಸಕ್ಕರೆ ವರ್ಷಗಟ್ಟಲೆ ಹೆಚ್ಚೇ ಇದ್ದರೆ ಈ ಅನಿಲ ಸಾಕಾಗೋದಿಲ್ಲ. ನಾಳ ಬೇಕಾದಾಗ ಹಿಗ್ಗಲ್ಲ, ಗೋಡೆಯ ಪ್ರೋಟೀನಿಗೆ ಸಕ್ಕರೆ ಅಂಟಿ ಬಿರುಸಾಗುತ್ತೆ. ದೊಡ್ಡ ನಾಳಗಳಲ್ಲಿ ಕೊಬ್ಬು ಕೂರೋಕೆ ಇದು ದಾರಿ ಮಾಡಿಕೊಡುತ್ತೆ. ಕಣ್ಣು, ಕಿಡ್ನಿಯ ಸಣ್ಣ ನಾಳಗಳಂತೂ ಸೋರತೊಡಗುತ್ತವೆ, ಅದೂ ನೋವೇ ಇಲ್ಲದೆ! ಹಾಗಾಗಿ ದೃಷ್ಟಿ ಚೆನ್ನಾಗಿದೆ ಅಂತ ಮುಂದೂಡಬೇಡಿ. ಕಿಡ್ನಿಯಿಂದ ಮೂತ್ರಕ್ಕೆ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡೋ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಡಾಕ್ಟರ ಹತ್ತಿರ ಕೇಳಿ. ಸಿಗರೇಟು ಸೇದ್ತೀರಾ? ಅದೂ ಇದೇ ಪದರವನ್ನೇ ಹಾಳುಮಾಡೋದು.