ಸ್ಲೀವ್ ಆಪರೇಷನ್ ಆದ್ಮೇಲೆ ಮುದ್ದೆ ತಿನ್ಬೋದಾ ಅಂತ ಕೇಳಿದವರಿಗೆ

ಮುದ್ದೆ ಆಮೇಲೆ ಸರ್. ಸ್ಲೀವ್ ಅಂದ್ರೆ ತೂಕ ಇಳಿಸೋಕೆ ಹೊಟ್ಟೆ ಚೀಲದ ಬಹುಪಾಲು ಕತ್ತರಿಸಿ ಸಣ್ಣ ಕೊಳವೆ ಥರ ಉಳಿಸೋದು. ಆಪರೇಷನ್‌ಗೆ ಮೊದ್ಲು ಎರಡು ವಾರ ಲಿಕ್ವಿಡ್ ಡಯಟ್ ಯಾಕೆ ಅಂತಾನೂ ಕೇಳಿದ್ರಲ್ಲ, ಅದು ಲಿವರ್ ಕುಗ್ಲಿ ಅಂತ, ಊದಿರೋ ಲಿವರ್ ಹೊಟ್ಟೆ ಮೇಲೆ ಕೂತಿದ್ರೆ ಡಾಕ್ಟ್ರಿಗೆ ಕೈಯಾಡ್ಸೋಕೆ ಜಾಗ ಸಿಗಲ್ಲ, ಸೋ ಕದ್ದು ಮಸಾಲೆ ದೋಸೆ ಬೇಡ. ಆಪರೇಷನ್ ಆದ್ಮೇಲೆ ನಾನು ಸಿರಪ್ ಮುಚ್ಚಳದಲ್ಲಿ ಗುಟುಕು ಗುಟುಕಾಗಿ ನೀರು ಕುಡೀತಿದ್ದೆ.

ಮುದ್ದೇಲಿ ತೊಂದ್ರೆ ಏನಂದ್ರೆ ನಾವು ಅದನ್ನ ನುಂಗ್ತೀವಿ, ಸ್ಲೀವ್‌ಗೆ ಎಲ್ಲಾ ಅಗೀಲೇಬೇಕು. ಮೂರನೇ ತಿಂಗಳು ಒಂದು ತುತ್ತು ನುಂಗಿ ಎದೇಲಿ ಸಿಕ್ಕಾಕೊಂಡು ಸಿಂಕ್ ಹತ್ರಾನೇ ನಿಂತಿದ್ದೆ ಅರ್ಧ ಗಂಟೆ. ಈಗ ಗಂಜಿನೇ.

ಆಪರೇಷನ್ ಆಗಿ ಕೂದ್ಲು ಉದುರಿದಾಗ ಗಾಬರಿಯಾಗಿದ್ದೆ, ಭಾನುವಾರ ಲಾಲ್‌ಬಾಗಲ್ಲಿ ವಾಕ್ ಮಾಡೋ ನಮ್ಮ ಆಪರೇಷನ್ ಆದವ್ರ ಗ್ಯಾಂಗಲ್ಲಿ ಒಬ್ರು ಅಕ್ಕ ಹಳೇ ಫೋಟೋ ತೋರ್ಸಿ "ನಂದೂ ಹಿಂಗೇ ಇತ್ತು, ದಿನಕ್ಕೆ 60 ಗ್ರಾಂ ಪ್ರೋಟೀನ್ ಬಿಡ್ಬೇಡ" ಅಂದ್ರು. ವಿಟಮಿನ್ ಬಿ12 ಮಾತ್ರೆನೂ ಮರೀಬೇಡಿ. ಆಪರೇಷನ್ ಮುಂಚೇನೇ ಒಂದ್ಸಲ ಬನ್ನಿ ವಾಕಿಗೆ.